ಕೋಟೆಡ್ ಫ್ಯಾಬ್ರಿಕ್: ಗಾಳಿ ತುಂಬುವ ದೋಣಿಯ ಬಾಳಿಕೆ ಎಲ್ಲಿದೆ?

ಗಾಳಿ ತುಂಬಿ ನೀರಿಗಿಳಿಸುವ ದೋಣಿಯನ್ನು ಮುಟ್ಟಿ ನೋಡಿದವರು ಅದನ್ನು ರಬ್ಬರ್ ಅನ್ನುತ್ತಾರೆ, ಇಲ್ಲವೇ ಪ್ಲಾಸ್ಟಿಕ್ ಅನ್ನುತ್ತಾರೆ. ಒಳಗೆ ಇರುವುದು ಬಟ್ಟೆ. ಗಟ್ಟಿ ನೂಲಿನಿಂದ ನೇಯ್ದ ಬಟ್ಟೆಯ ಎರಡೂ ಮೈಗೆ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಪದರ ಹತ್ತಿಸಿರುತ್ತಾರೆ. ಇದಕ್ಕೆ ಕೋಟೆಡ್ ಫ್ಯಾಬ್ರಿಕ್ ಅಂತ ಹೆಸರು. ಗಾಳಿ ತುಂಬುವ ಡಾಕ್, ಅಂದರೆ ದೋಣಿ ಕಟ್ಟಲು, ನಿಂತು ನೀರಿಗಿಳಿಯಲು ಬಳಸುವ ತೇಲುವ ಕಟ್ಟೆ ಕೂಡ ಇದರದ್ದೇ.

ಇಲ್ಲಿ ಕೆಲಸ ಹಂಚಿಹೋಗಿದೆ. ಎಳೆತ ತಡೆಯುವುದು ಬಟ್ಟೆ. ಗಾಳಿ ಹೊರಹೋಗದಂತೆ, ನೀರು ಮತ್ತು ಬಿಸಿಲು ನೂಲಿಗೆ ತಾಗದಂತೆ ಕಾಯುವುದು ಲೇಪನ. ಬಾಳಿಕೆ ಅಂದಕೂಡಲೇ ಕೊಳ್ಳುವವರ ಕಣ್ಣು ಬಟ್ಟೆಯ ದಪ್ಪದ ಮೇಲೆ ಹೋಗುತ್ತದೆ. ಮೊದಲು ನೋಡಬೇಕಾದದ್ದು ಲೇಪನವನ್ನು ಮತ್ತು ಜೋಡಣೆಯನ್ನು ಅಂತ ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಒಂದು ಲೆಕ್ಕದಿಂದಲೇ ಹೇಳಬಹುದು.

50 ಸೆಂ.ಮೀ. ವ್ಯಾಸದ ಒಂದು ಕೊಳವೆ ತೆಗೆದುಕೊಳ್ಳಿ. ಅದರಲ್ಲಿ ಹೊರಗಿನ ಗಾಳಿಗಿಂತ 0.25 ಬಾರ್ ಹೆಚ್ಚು ಒತ್ತಡ ಇದೆ (1 ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಇಂಥ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವುದು ಹೆಚ್ಚೂಕಡಿಮೆ ಇಷ್ಟೇ. ಕೊಳವೆಯ ಸುತ್ತಳತೆಯ ದಿಕ್ಕಿನಲ್ಲಿ ಬೀಳುವ ಎಳೆತ ಅಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟು. ಲೆಕ್ಕ ಹಾಕಿದರೆ 5 ಸೆಂ.ಮೀ. ಅಗಲದ ಪಟ್ಟಿಗೆ ಸುಮಾರು 32 ಕಿಲೋ ತೂಕ ನೇತುಹಾಕಿದ ಹಾಗೆ. ಒಳ್ಳೆಯ ದೋಣಿ ಬಟ್ಟೆಯ ಅಷ್ಟೇ ಅಗಲದ ಪಟ್ಟಿಯನ್ನು ಹರಿಯಲು ಇದರ ಹಲವು ಪಟ್ಟು ಎಳೆತ ಬೇಕು. ಬಲದಲ್ಲಿ ಬಟ್ಟೆಗೆ ಕೊರತೆ ಇಲ್ಲ. ದೋಣಿ ಹಾಳಾಗುವುದು ಬೇರೆ ಕಡೆಯಿಂದ.

ಆದರೂ ನೂಲಿನ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಮಾರುವವರು 1000 ಡೆನಿಯರ್, 1100 ಡೆಸಿಟೆಕ್ಸ್ ಅಂತ ಬರೆದಿರುತ್ತಾರೆ. 9000 ಮೀಟರ್ ನೂಲಿನ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. 10,000 ಮೀಟರಿಗೆ ಲೆಕ್ಕ ಹಾಕಿದರೆ ಡೆಸಿಟೆಕ್ಸ್. ಹಾಗಾಗಿ ಆ ಎರಡು ಸಂಖ್ಯೆಗಳು ಹೇಳುವುದು ಹೆಚ್ಚುಕಡಿಮೆ ಒಂದೇ ದಪ್ಪದ ನೂಲನ್ನು. ನೂಲು ಸಾಮಾನ್ಯವಾಗಿ ಪಾಲಿಯೆಸ್ಟರ್, ಕೆಲವು ಸಲ ನೈಲಾನ್. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ನೀರು ಕುಡಿಯುವುದೂ ಕಡಿಮೆ. ಡೆನಿಯರ್ ದೊಡ್ಡದಿದ್ದರೆ ಚುಚ್ಚಿದಾಗ, ಗೀರಿದಾಗ ಹರಿಯುವುದು ಕಷ್ಟ. ಆದರೆ ಬಿಸಿಲಿಗೆ ದೋಣಿ ಎಷ್ಟು ವರ್ಷ ತಾಳುತ್ತದೆ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಅದನ್ನು ಹೇಳುವುದು ಲೇಪನ. ಹೆಚ್ಚಾಗಿ ಸಿಗುವುದು ಪಿವಿಸಿ. ಪಿವಿಸಿ ಹುಟ್ಟಾ ಮೆದು ಅಲ್ಲ. ನೀರಿನ ಪೈಪಿನಷ್ಟು ಗಡುಸು. ಅದನ್ನು ಬಟ್ಟೆಯ ಹಾಗೆ ಮಡಿಸಬೇಕು ಅಂದರೆ ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ವಸ್ತು ಬೆರೆಸಬೇಕು. ಇದು ಪಿವಿಸಿಯ ಜೊತೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತದೆ ಅಷ್ಟೇ. ಶಾಖಕ್ಕೆ, ಪೆಟ್ರೋಲ್ ತಾಗಿದರೆ, ವರ್ಷ ಕಳೆದ ಹಾಗೆ ನಿಧಾನವಾಗಿ ಹೊರಗೆ ಬರುತ್ತದೆ. ಮೇಲ್ಮೈ ಮೊದಲು ಜಿಗುಟಾಗಬಹುದು, ಆಮೇಲೆ ಬಿರುಸಾಗಿ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ಕಡೆ ಬಿಸಿಲಿನ ನೇರಳಾತೀತ ಕಿರಣ ಪಿವಿಸಿಯ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತುಹಾಕುತ್ತದೆ. ಹಳೆಯ ದೋಣಿ ಹಳದಿ ತಿರುಗುವುದು ಇದರಿಂದಲೇ. ಇದನ್ನು ತಡೆಯಲು ಕಾರ್ಖಾನೆಯಲ್ಲಿ ಸ್ಟೆಬಿಲೈಸರ್ ಬೆರೆಸುತ್ತಾರೆ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಪಿವಿಸಿ ಬಟ್ಟೆಗಳ ಆಯಸ್ಸು ಬೇರೆ ಬೇರೆ ಆಗುವುದು ಬಹುಮಟ್ಟಿಗೆ ಈ ಬೆರಕೆಯ ಗುಣಮಟ್ಟದಿಂದ. ದಪ್ಪ ಅಳೆದು ಇದನ್ನು ಕಂಡುಹಿಡಿಯಲು ಆಗುವುದಿಲ್ಲ.

ಇನ್ನೊಂದು ಮುಖ್ಯ ಲೇಪನ ಸಿಎಸ್‌ಎಂ. ಎಲ್ಲರೂ ಕರೆಯುವ ಹೆಸರು ಹೈಪಲಾನ್. ಅದು ಡುಪಾಂಟ್ ಕಂಪನಿಯ ವ್ಯಾಪಾರದ ಹೆಸರು. ಆ ಕಂಪನಿ 2010ರಲ್ಲಿ ತಯಾರಿಕೆ ನಿಲ್ಲಿಸಿತು, ಈಗ ಬೇರೆ ಕಂಪನಿಗಳು ಸಿಎಸ್‌ಎಂ ತಯಾರಿಸುತ್ತವೆ. ಹೊಸ ದೋಣಿಗೆ ಹೈಪಲಾನ್ ಅಂತ ಬರೆದಿದ್ದರೆ ಅದನ್ನು ಸಿಎಸ್‌ಎಂ ಅಂತ ಓದಿಕೊಂಡರೆ ಸಾಕು. ಇದು ನಿಜವಾದ ಕೃತಕ ರಬ್ಬರ್. ಮೆದುವಾಗಿ ಉಳಿಯಲು ಪಿವಿಸಿಯಷ್ಟು ಪ್ಲಾಸ್ಟಿಸೈಸರಿನ ಹಂಗು ಇದಕ್ಕಿಲ್ಲ. ಬಿಸಿಲು ಮತ್ತು ಓಝೋನ್ ಇದಕ್ಕೆ ಮಾಡುವ ಹಾನಿ ಬಹಳ ಕಡಿಮೆ. ಗಾಳಿ ಹಿಡಿದಿಡಲು ಒಳಮೈಗೆ ಸಾಮಾನ್ಯವಾಗಿ ನಿಯೋಪ್ರೀನ್ ಅನ್ನುವ ಇನ್ನೊಂದು ಕೃತಕ ರಬ್ಬರ್ ಹಾಕುತ್ತಾರೆ. ಬೆಲೆ ಜಾಸ್ತಿ. ವರ್ಷಪೂರ್ತಿ ಬಿಸಿಲಲ್ಲೇ ಇರುವ ದೋಣಿಗೆ ಮಾತ್ರ ನಾನು ಇದನ್ನೇ ಹೇಳುತ್ತೇನೆ. ಬಳಸಿ, ತೊಳೆದು, ಒಣಗಿಸಿ ಒಳಗೆ ಇಡುವವರಿಗೆ ಒಳ್ಳೆಯ ಪಿವಿಸಿ ಧಾರಾಳವಾಗಿ ಸಾಕು.

ಈಗ ಜೋಡಣೆ. ಪಿವಿಸಿ ಶಾಖಕ್ಕೆ ಕರಗುವುದರಿಂದ ಎರಡು ತುಂಡುಗಳನ್ನು ಬಿಸಿಗಾಳಿಯಿಂದ ಅಥವಾ ರೇಡಿಯೋ ತರಂಗದ ಯಂತ್ರದಿಂದ ಬೆಸೆಯಬಹುದು. ಬೆಸುಗೆ ಸರಿಯಾಗಿ ಬಿದ್ದರೆ ಎರಡು ಲೇಪನವೂ ಕೂಡಿ ಒಂದಾಗುತ್ತವೆ. ಸಿಎಸ್‌ಎಂ ಹಾಗೆ ಕರಗುವುದಿಲ್ಲ, ಅದನ್ನು ಅಂಟಿಸಲೇಬೇಕು. ಅಂಟಿನ ಗುಣ ಕೆಲಸಗಾರನ ಕೈಯಲ್ಲಿದೆ. ಮೇಲ್ಮೈ ಉಜ್ಜಿ ಒರಟು ಮಾಡಿದ್ದಾರಾ, ಹವೆಯಲ್ಲಿ ತೇವ ಜಾಸ್ತಿ ಇತ್ತಾ, ಅಂಟು ಆರಲು ಹೊತ್ತು ಕೊಟ್ಟಿದ್ದಾರಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪಿವಿಸಿಯನ್ನೂ ಅಂಟಿಸಿ ದೋಣಿ ಮಾಡುವವರಿದ್ದಾರೆ. ಅಲ್ಲಿ ಇನ್ನೊಂದು ತೊಂದರೆ: ಹೊರಬರುವ ಪ್ಲಾಸ್ಟಿಸೈಸರ್ ಅಂಟಿಗೂ ಇಳಿದು ಅದನ್ನು ಮೆದು ಮಾಡುತ್ತದೆ.

ಕತ್ತರಿಸಿದ ಅಂಚನ್ನೂ ಮರೆಯಬಾರದು. ಅಲ್ಲಿ ನೂಲಿನ ತುದಿ ಬರಿಗಣ್ಣಿಗೇ ಕಾಣುತ್ತದೆ. ಅದನ್ನು ಪಟ್ಟಿ ಹಚ್ಚಿ ಮುಚ್ಚದಿದ್ದರೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನೂಲು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಲೇಪನದ ಅಡಿಯಲ್ಲಿ ತೇವ ಸೇರಿದರೆ ಲೇಪನ ಬಟ್ಟೆಯ ಹಿಡಿತ ಬಿಡತೊಡಗುತ್ತದೆ, ಬೂಷ್ಟಿನ ಕಲೆಯೂ ಬರುತ್ತದೆ. ಈ ಹಿಡಿತವನ್ನು ಅಳೆಯಲೆಂದೇ ಪರೀಕ್ಷೆ ಇದೆ. ಒಂದು ಪಟ್ಟಿಯಿಂದ ಲೇಪನವನ್ನು ಸುಲಿಯುತ್ತಾ ಎಷ್ಟು ಬಲ ಬೇಕಾಯಿತು ಅಂತ ನೋಡುತ್ತಾರೆ. ತಯಾರಕರ ಪಟ್ಟಿಯಲ್ಲಿ ಡೆನಿಯರಿಗಿಂತ ನಾನು ಮೊದಲು ಹುಡುಕುವುದು ಈ ಸಂಖ್ಯೆಯನ್ನು.

ಬಿಸಿಲು ಒಳಗಿನ ಗಾಳಿಯನ್ನೂ ಬಿಸಿ ಮಾಡುತ್ತದೆ ಅಲ್ವಾ? 25 ಡಿಗ್ರಿಯಲ್ಲಿ 0.25 ಬಾರಿಗೆ ತುಂಬಿದ ಕೊಳವೆ 60 ಡಿಗ್ರಿಗೆ ಬಿಸಿಯಾದರೆ, ಬಟ್ಟೆ ಹಿಗ್ಗಲಿಲ್ಲ ಅಂತ ಇಟ್ಟುಕೊಂಡರೆ, ಮೀಟರ್ 0.40 ಬಾರ್ ತೋರಿಸುತ್ತದೆ. ಜೋಡಣೆಯ ಮೇಲಿನ ಎಳೆತವೂ ಅಷ್ಟೇ ಪಾಲು ಏರುತ್ತದೆ. ಅದೇ ಹೊತ್ತಿಗೆ ಶಾಖಕ್ಕೆ ಅಂಟು ಮೆತ್ತಗಾಗಿರುತ್ತದೆ. ದೋಣಿಯನ್ನು ನೀರಿನಿಂದ ಎತ್ತಿ ಬಿಸಿಲಲ್ಲಿ ಇಡುವಾಗ ಸ್ವಲ್ಪ ಗಾಳಿ ಬಿಡಿ ಅನ್ನುವುದು ಇದಕ್ಕೇ. ನೀರಿನಲ್ಲಿದ್ದರೆ ನೀರೇ ತಂಪು ಮಾಡುತ್ತಿರುತ್ತದೆ.

ಡಾಕಿನ ಕಷ್ಟ ಇನ್ನೂ ಜಾಸ್ತಿ. ಅದು ಚಪ್ಪಟೆಯಾಗಿ ಇರಬೇಕು. ಸುಮ್ನೆ ಎರಡು ಬಟ್ಟೆ ಅಂಟಿಸಿ ಗಾಳಿ ತುಂಬಿದರೆ ದಿಂಬಿನ ಆಕಾರ ಬರುತ್ತದೆ. ಅದಕ್ಕೆ ಡ್ರಾಪ್ ಸ್ಟಿಚ್ ಅನ್ನುವ ನೇಯ್ಗೆ ಬಳಸುತ್ತಾರೆ. ಮೇಲಿನ ಬಟ್ಟೆ ಮತ್ತು ಕೆಳಗಿನ ಬಟ್ಟೆಯನ್ನು ಒಂದೇ ಅಳತೆಯ ಸಾವಿರಾರು ನೂಲುಗಳು ಹಿಡಿದುಕೊಂಡಿರುತ್ತವೆ. ಗಾಳಿ ತುಂಬಿದಾಗ ನೂಲುಗಳು ಬಿಗಿಯುತ್ತವೆ, ಹಲಗೆಯಂಥ ಗಟ್ಟಿ ನೆಲ ಸಿಗುತ್ತದೆ. ಒತ್ತಡ 0.7 ಬಾರ್ ಅಂದರೆ ಸುಮಾರು 10 ಪಿಎಸ್‌ಐ. ಅಷ್ಟಕ್ಕೆ ಒಂದು ಚದರ ಮೀಟರಿನಲ್ಲಿ ಎರಡು ಬಟ್ಟೆಗಳನ್ನು ದೂರ ತಳ್ಳುವ ಬಲ ಸುಮಾರು 7 ಟನ್ ತೂಕಕ್ಕೆ ಸಮ. ಅಷ್ಟನ್ನೂ ಹೊರುವುದು ಆ ನೂಲುಗಳು. ಸುತ್ತಲಿನ ಪಕ್ಕದ ಗೋಡೆಗೆ ಮಾತ್ರ ಈ ನೂಲಿನ ನೆರವು ಇಲ್ಲ. ಅದು ನಿಂತಿರುವುದು ಜೋಡಣೆಯ ಮೇಲೆ.

ಡಾಕ್ ತಿಂಗಳುಗಟ್ಟಲೆ ನೀರಿನಲ್ಲೇ ಇರುತ್ತದೆ. ಮೇಲ್ಗಡೆ ದಿನವಿಡೀ ಬಿಸಿಲು, ಕೆಳಗೆ ಪಾಚಿ. ಸಮುದ್ರದಲ್ಲಾದರೆ ಚಿಪ್ಪಿನ ಜೀವಿಗಳೂ ಹತ್ತಿಕೊಳ್ಳುತ್ತವೆ, ಅವುಗಳನ್ನು ಕೆರೆದು ತೆಗೆಯುವಾಗಲೇ ಲೇಪನಕ್ಕೆ ಗಾಯವಾಗುವುದುಂಟು. ಕಂಬಕ್ಕೆ ಉಜ್ಜುವ ಜಾಗದಲ್ಲಿ ಲೇಪನ ಸವೆದು ನೂಲು ಕಂಡರೆ ಆ ದಿನವೇ ತೇಪೆ ಹಾಕಬೇಕು. ಪಕ್ಕದ ಪಟ್ಟಿ ಬಿಟ್ಟರೂ ಬಲ್ಲವರ ಕೈಯಲ್ಲಿ ಮತ್ತೆ ಅಂಟಿಸಬಹುದು. ನೆಲದ ನಡುವೆ ಗುಳ್ಳೆಯಂತೆ ಉಬ್ಬಿ ಬಂದರೆ ವಿಷಯ ಬೇರೆ. ಅಲ್ಲಿ ಒಳಗಿನ ನೂಲುಗಳು ಕಿತ್ತಿವೆ, ಅಥವಾ ಲೇಪನದ ಪದರವೇ ಬಟ್ಟೆಯಿಂದ ಬೇರೆಯಾಗಿದೆ. ನೂಲು ಕಿತ್ತಿದ್ದರೆ ಅವುಗಳ ಭಾರ ಅಕ್ಕಪಕ್ಕದ ನೂಲುಗಳ ಮೇಲೆ ಬೀಳುತ್ತದೆ, ಉಬ್ಬು ದೊಡ್ಡದಾಗುತ್ತಾ ಹೋಗುತ್ತದೆ. ತೇಪೆ ಮುಚ್ಚುವುದು ತೂತನ್ನು ಮಾತ್ರ. ಉಬ್ಬಿದ ಡಾಕಿನ ಗಾಳಿಯನ್ನು ತಕ್ಷಣ ಇಳಿಸಬೇಕು, ಮತ್ತೆ ಅದರ ಮೇಲೆ ಯಾರನ್ನೂ ನಿಲ್ಲಿಸಬಾರದು.