ಉರಿಯಿಲ್ಲದೆ ಬೇಯುವ ಕಾಳು

ಬಡ ಹಳ್ಳಿಗಳ ಪೌಷ್ಟಿಕತೆಯ ಮಾತು ಬಂದಾಗಲೆಲ್ಲ ತಟ್ಟೆಯಲ್ಲಿ ಏನಿದೆ ಎಂದು ಕೇಳುತ್ತಾರೆ. ಒಲೆಯಲ್ಲಿ ಸೌದೆ ಇದೆಯಾ ಎಂದು ಕೇಳುವವರು ಕಡಿಮೆ. ಕಾಳಿನಲ್ಲಿ ಪ್ರೋಟೀನ್ ಇದೆ, ಕಬ್ಬಿಣದ ಅಂಶ ಇದೆ. ಆದರೆ ಎಷ್ಟೋ ಒಣ ಕಾಳುಗಳು ಬೇಯಲು ಒಂದೆರಡು ಗಂಟೆ ಒಲೆ ಉರಿಯಬೇಕು. ಸೌದೆಗೆ ಮೈಲಿಗಟ್ಟಲೆ ನಡೆಯುವ ಮನೆಯಲ್ಲಿ ಮೊದಲು ಬಿಟ್ಟುಹೋಗುವುದು ಈ ಕಾಳೇ. ಬೇಗ ಆಗುವ ಹಿಟ್ಟಿನ ಗಂಜಿ ಉಳಿಯುತ್ತದೆ.

ಸೋಲಾರ್ ಕುಕ್ಕರ್, ಅಂದರೆ ಬಿಸಿಲಿನ ಬಿಸಿಯನ್ನು ಹಿಡಿದಿಟ್ಟು ಬೇಯಿಸುವ ಗಾಜಿನ ಮುಚ್ಚಳದ ಪೆಟ್ಟಿಗೆ, ಬೇಕಾಗುವುದು ಇಲ್ಲೇ. ಬಿಸಿಲಲ್ಲಿ ಬೆಂದ ಊಟಕ್ಕೆ ಸೂರ್ಯನ ವಿಶೇಷ ಶಕ್ತಿ ಸೇರುತ್ತದೆ ಎನ್ನುವವರಿದ್ದಾರೆ. ಅದೆಲ್ಲ ಸುಮ್ನೆ ಮಾತು. ಕಾಳಿಗೆ ಬೇಕಾದದ್ದು ಬಿಸಿ. ಅದು ಎಲ್ಲಿಂದ ಬಂತು ಎಂಬುದು ಕಾಳಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ತಪ್ಪು ನಂಬಿಕೆ: ಉರಿ ಜಾಸ್ತಿ ಮಾಡಿದರೆ ಬೇಗ ಬೇಯುತ್ತದೆ ಎಂಬುದು. ಕುದಿ ಬಂದ ಮೇಲೆ ತೆರೆದ ಪಾತ್ರೆಯ ನೀರು ಸುಮಾರು 100 ಡಿಗ್ರಿ ದಾಟುವುದಿಲ್ಲ. ಆಮೇಲೆ ಎಷ್ಟು ಸೌದೆ ತುರುಕಿದರೂ ಹೆಚ್ಚುವುದು ಆವಿ ಮಾತ್ರ. ಒಂದು ಕಿಲೋ ಒಣ ಸೌದೆಯ ಶಕ್ತಿ ಒಂದಿಷ್ಟೂ ಪೋಲಾಗದಿದ್ದರೆ ಸುಮಾರು 45 ಲೀಟರ್ ನೀರನ್ನು ಕುದಿಗೆ ತರಬಹುದು! ಮೂರು ಕಲ್ಲಿನ ಒಲೆಯಲ್ಲಿ ಅದರ ಬಹುಪಾಲು ಗಾಳಿಗೆ ಹೋಗುತ್ತದೆ. ತೂತು ಬಿದ್ದ ಕೊಡಕ್ಕೆ ನೀರು ಸುರಿದ ಹಾಗೆ. ತೂತು ದೊಡ್ಡದಿದ್ದರೆ ಧಾರೆ ದಪ್ಪ ಇರಬೇಕು. ತೂತು ಮುಚ್ಚಿದರೆ ಸಣ್ಣ ಧಾರೆಯಲ್ಲೇ ಕೊಡ ತುಂಬುತ್ತದೆ.

ಬಿಸಿಲು ಆ ಸಣ್ಣ ಧಾರೆ. ನಡುಹಗಲಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಪೆಟ್ಟಿಗೆಯ ಬಾಯಿ ಅದರ ಕಾಲು ಭಾಗ ಎಂದುಕೊಳ್ಳಿ, ಒಳಗೆ ಬೀಳುವುದು 250 ವ್ಯಾಟ್. ಕಡಿಮೆ ಅಲ್ವಾ? ಆದರೆ ಕಪ್ಪು ಪಾತ್ರೆ ಬೆಳಕನ್ನು ನುಂಗುತ್ತದೆ. ಮೇಲಿನ ಗಾಜು ಬಿಸಿಗಾಳಿಯನ್ನು ಹೊರಗೆ ಬಿಡುವುದಿಲ್ಲ. ಸುತ್ತಲಿನ ಹುಲ್ಲು ಅಥವಾ ಕಾಗದದ ಪದರ ಕಂಬಳಿಯ ಕೆಲಸ ಮಾಡುತ್ತದೆ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಇದ್ದ ಬಿಸಿಯನ್ನು ಕಾಯುತ್ತದೆ.

ಸ್ವಿಸ್ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಗಾಜಿನ ಪೆಟ್ಟಿಗೆಗಳಲ್ಲಿ ಇದನ್ನು ಪರೀಕ್ಷಿಸಿದ. ಅವನಿಗೆ ಅಡುಗೆಯ ಚಿಂತೆ ಇರಲಿಲ್ಲ, ಬೆಟ್ಟದ ತುದಿ ಯಾಕೆ ತಣ್ಣಗಿರುತ್ತದೆ ಎಂಬ ಪ್ರಶ್ನೆ ಇತ್ತು. ಪೆಟ್ಟಿಗೆಯನ್ನು ಆಲ್ಪ್ಸ್‌ನ ಒಂದು ಶಿಖರಕ್ಕೆ ಹೊತ್ತೊಯ್ದ. ಹೊರಗೆ ಚಳಿ, ಪೆಟ್ಟಿಗೆಯ ಒಳಗೆ ಮಾತ್ರ ಕೆಳಗಿನ ಬಯಲಿನಲ್ಲಿ ಇಟ್ಟಾಗ ಇದ್ದಷ್ಟೇ ಬಿಸಿ! ಸೆಕೆಯ ದಿನವೇ ಬೇಕೆಂದಿಲ್ಲ, ಬಿಸಿಲಿದ್ದರೆ ಸಾಕು.

ಒಂದು ಎಚ್ಚರಿಕೆ ಹೇಳಲೇಬೇಕು. ರಾಜ್ಮಾದಂಥ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಸ್ತು ಇದೆ. 80 ಡಿಗ್ರಿಯ ಹದ ಬಿಸಿ ಅದನ್ನು ಅಳಿಸುವುದಿಲ್ಲ. ನೆನೆಸಿದ ನೀರು ಚೆಲ್ಲಿ, ಒಲೆಯ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದಿಸಿ, ಆಮೇಲೆ ಪೆಟ್ಟಿಗೆಗೆ ಇಡಬೇಕು.

ಮೋಡದ ದಿನಕ್ಕೆ, ರಾತ್ರಿಯ ಅಡುಗೆಗೆ ಹಳೆಯ ಒಲೆ ಇರಲೇಬೇಕು. ಈ ಮಾತನ್ನು ಮುಚ್ಚಿಟ್ಟು ಸೋಲಾರ್ ಪ್ರಚಾರ ಮಾಡಿದರೆ ಮೊದಲ ಮಳೆಗೇ ಜನರ ನಂಬಿಕೆ ಹೋಗುತ್ತದೆ. ಬಿಸಿಲಿನ ದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಕಾಳು ಇಟ್ಟು ಕೆಲಸಕ್ಕೆ ಹೋದರೆ ಮಧ್ಯಾಹ್ನ ಬೆಂದಿರುತ್ತದೆ. ತಳ ಹಿಡಿಯುವ ಭಯ ಇಲ್ಲ, ಹೊಗೆ ಇಲ್ಲ. ಸೂರ್ಯ ಸರಿದಂತೆ ಪೆಟ್ಟಿಗೆಯನ್ನು ಒಂದೆರಡು ಸಲ ತಿರುಗಿಸಲು ಮನೆಯ ಮಕ್ಕಳಿಗೆ ಹೇಳಿ ಹೋದರಾಯಿತು.