ನೋವಿನ ಇಂಜೆಕ್ಷನ್ ಆದ ಮೇಲೆ ಬರುವ ನಿದ್ದೆ

ಮಾರ್ಫಿನ್ ಇಂಜೆಕ್ಷನ್ ಕೊಡ್ತೀವಿ ಅಂದ ಕೂಡಲೇ ಮನೆಯವರು ಕೇಳುವುದು ಒಂದೇ: “ಚಟ ಹಿಡಿಯಲ್ವಾ ಡಾಕ್ಟ್ರೇ?” ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲೇ, ಅಳತೆ ನೋಡಿ, ಒಂದೆರಡು ದಿನ ಕೊಡುವ ಔಷಧಿಗೆ ಚಟ ಹತ್ತುವ ಸಾಧ್ಯತೆ ಕಡಿಮೆ. ಅರಿವಳಿಕೆ ವೈದ್ಯೆಯಾದ ನಾನು ಕಣ್ಣಿಡುವುದು ರೋಗಿಯ ನಿದ್ದೆಯ ಮೇಲೆ.

ಮಾರ್ಫಿನ್, ಫೆಂಟನಿಲ್, ಪೆಥಿಡಿನ್, ಟ್ರಮಡಾಲ್ ಎಲ್ಲವೂ ಓಪಿಯಾಯ್ಡ್ ಗುಂಪಿನವು. ಮೆದುಳು, ಬೆನ್ನುಹುರಿಯ ರಿಸೆಪ್ಟರ್‌ಗಳಿಗೆ, ಅಂದರೆ ಔಷಧಿ ಕೂತು ಕೆಲಸ ಮಾಡುವ ಜಾಗಗಳಿಗೆ, ಅಂಟಿಕೊಂಡು ನೋವನ್ನು ತಗ್ಗಿಸುತ್ತವೆ. ಅಂಥವೇ ರಿಸೆಪ್ಟರ್‌ಗಳು ಕರುಳಿನಲ್ಲೂ ಇವೆ, ಉಸಿರಾಟ ನಡೆಸುವ ಕೇಂದ್ರದಲ್ಲೂ ಇವೆ. ತೊಂದರೆಯೆಲ್ಲ ಹುಟ್ಟುವುದು ಇಲ್ಲೇ.

ವಾಕರಿಕೆ, ವಾಂತಿ ಸಾಮಾನ್ಯ. ಅದಕ್ಕೆ ಔಷಧಿ ಇದೆ. ಕೆಲವರಿಗೆ ಮೂತ್ರ ಕಟ್ಟುತ್ತದೆ. ಮೊದಲ ಸಲ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತಬಹುದು, ಹಾಗಾಗಿ ಒಬ್ಬರೇ ಏಳಬೇಡಿ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಮೈಗೆ ಒಗ್ಗುತ್ತವೆ. ಮಲಬದ್ಧತೆ ಮಾತ್ರ ಒಗ್ಗುವುದಿಲ್ಲ. ಔಷಧಿ ಮುಂದುವರಿಯುವಷ್ಟು ದಿನವೂ ಅದಕ್ಕೆ ಬೇರೆ ಮದ್ದು ಬೇಕು.

ಮಾರ್ಫಿನ್ ಆದವರು ಮೂಗು ಉಜ್ಜಿಕೊಳ್ಳುತ್ತಲೇ ಇರುತ್ತಾರೆ. ಬೆನ್ನಿನ ಮೂಲಕ ಕೊಟ್ಟಾಗ ಈ ತುರಿಕೆ ಇನ್ನೂ ಜಾಸ್ತಿ. ಬರೀ ತುರಿಕೆಯಾದರೆ ಅದು ಸಾಮಾನ್ಯವಾಗಿ ಅಲರ್ಜಿಯಲ್ಲ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಬ್ಬಸ ಬಂದರೆ ತಕ್ಷಣ ಕರೆಯಿರಿ. ಸುಮ್ನೆ ತುರಿಸಿತು ಅಂತ ‘ಅಲರ್ಜಿ’ ಎಂದು ಬರೆಸಿಕೊಂಡರೆ, ಮುಂದೆ ನಿಜಕ್ಕೂ ಬೇಕಾದಾಗ ಒಳ್ಳೆ ಔಷಧಿ ಕೈತಪ್ಪುತ್ತದೆ.

ಈಗ ನಿದ್ದೆಯ ವಿಷಯ. ಓಪಿಯಾಯ್ಡ್ ಜಾಸ್ತಿಯಾದಾಗ ಸಾಮಾನ್ಯವಾಗಿ ಮೊದಲು ಮಂಪರು ಗಾಢವಾಗುತ್ತದೆ, ಆಮೇಲೆ ಉಸಿರು ನಿಧಾನವಾಗುತ್ತದೆ. ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಸರಿಯಾಗಿ ಮಾತಾಡಿದರೆ ಚಿಂತೆಯಿಲ್ಲ. ಉತ್ತರ ಕೊಡುತ್ತಾ ಅರ್ಧ ಮಾತಿನಲ್ಲೇ ಕಣ್ಣು ಮುಚ್ಚಿದರೆ ನರ್ಸ್‌ಗೆ ಹೇಳಿ. ಗೊರಕೆ ನಡುನಡುವೆ ನಿಂತು ಮತ್ತೆ ಶುರುವಾಗುತ್ತಿದ್ದರೆ ಅದನ್ನು ‘ಒಳ್ಳೆ ನಿದ್ದೆ’ ಅಂದುಕೊಳ್ಳಬೇಡಿ. ದೊಡ್ಡವರು ಆರಾಮಾಗಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದು 8ಕ್ಕೆ ಇಳಿದರೆ ನಾವು ಓಡಿ ಬರುತ್ತೇವೆ.

ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್‌ ಒಂದನ್ನೇ ನಂಬಿ ಕೂರಬೇಡಿ. ಮೂಗಿಗೆ ಆಕ್ಸಿಜನ್ ಹಾಕಿದ್ದರೆ ಉಸಿರು ಇಳಿಯುತ್ತಿದ್ದರೂ ಪರದೆ 98 ತೋರಿಸುತ್ತಿರಬಹುದು. ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಿರುತ್ತದೆ.

ಓಪಿಯಾಯ್ಡ್ ಜಾಸ್ತಿಯಾಗಿ ಉಸಿರು ಇಳಿದರೆ ನಲೋಕ್ಸೋನ್ ಎಂಬ ಮದ್ದಿದೆ. ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲೇ ರೋಗಿ ಎಚ್ಚರವಾಗುತ್ತಾರೆ. ಆದರೆ ಅದರ ಪರಿಣಾಮ 30ರಿಂದ 90 ನಿಮಿಷ ಅಷ್ಟೇ, ಮಾರ್ಫಿನ್‌ದು ಕೆಲವು ಗಂಟೆ. ಎಚ್ಚರವಾದವರು ಮತ್ತೆ ಮಂಪರಿಗೆ ಜಾರಬಹುದು, ಅದಕ್ಕೇ ನಾವು ಹಾಸಿಗೆ ಬಿಟ್ಟು ಕದಲುವುದಿಲ್ಲ. ಒಮ್ಮೆಗೇ ಜಾಸ್ತಿ ಕೊಟ್ಟರೆ ನೋವೂ ಪೂರ್ತಿ ಮರಳುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ.

ಕೆಲವು ವಿಷಯಗಳನ್ನು ಮೊದಲೇ ಹೇಳಿಬಿಡಿ. ನಿದ್ದೆ ಮಾತ್ರೆಯಿರಲಿ, ಕುಡಿತವಿರಲಿ, ಮುಚ್ಚಿಡಬೇಡಿ. ಇವು ಓಪಿಯಾಯ್ಡ್ ಜೊತೆ ಸೇರಿದರೆ ಉಸಿರಿಗೆ ಕುತ್ತು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಹೇಳಿ. ಕಿಡ್ನಿ ಸೋತವರಲ್ಲಿ ಮಾರ್ಫಿನ್ ಒಡೆದು ಆಗುವ ವಸ್ತು ಹೊರಹೋಗದೆ ಉಳಿದು ಮಂಪರು ಹೆಚ್ಚಿಸುತ್ತದೆ. ಫಿಟ್ಸ್ ಇದ್ದವರಿಗೆ ಟ್ರಮಡಾಲ್, ಪೆಥಿಡಿನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೇಳಬೇಕು. ಅಂಥ ಕೆಲವು ಮಾತ್ರೆಗಳಿಗೂ ಟ್ರಮಡಾಲ್, ಪೆಥಿಡಿನ್‌ಗೂ ಆಗಿಬರುವುದಿಲ್ಲ.

ಕೆಲವು ಕಡೆ ರೋಗಿಯ ಕೈಗೇ ಪಂಪಿನ ಗುಂಡಿ ಕೊಡುತ್ತೇವೆ. ನೋವಾದಾಗ ಒತ್ತಿದರೆ ನಿಗದಿ ಮಾಡಿದ ಸಣ್ಣ ಡೋಸ್ ಹೋಗುತ್ತದೆ. ಮಂಪರು ಬಂದವರು ಒತ್ತುವುದಿಲ್ಲ, ಔಷಧಿ ತಾನಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಮಗಳು “ಪಾಪ, ಅಪ್ಪನಿಗೆ ನೋವಾಗಬಾರದು” ಅಂತ ನಿದ್ದೆಯಲ್ಲಿದ್ದ ಅಪ್ಪನ ಪರವಾಗಿ ಒತ್ತಿದರೆ ಆ ಕಾವಲು ತಪ್ಪಿಹೋಗುತ್ತದೆ. ಗುಂಡಿ ರೋಗಿಯ ಕೈಯಲ್ಲೇ ಇರಲಿ, ಒತ್ತಲು ಆಗದಿದ್ದರೆ ನರ್ಸ್ ಅನ್ನು ಕರೆಯಿರಿ.