ಜಲಪಾತ ತಮಿಳುನಾಡಿನದು, ಅರಮನೆ ಕೇರಳದ್ದು

ಜೂನ್ ಕಳೆಯುವ ಹೊತ್ತಿಗೆ ಮಂಗಳೂರಿನವರಿಗೆ ಮಳೆಯೆಂದರೆ ಸಾಕುಸಾಕು. ಅದೇ ಹೊತ್ತಿನಲ್ಲಿ ಘಟ್ಟದ ದಕ್ಷಿಣ ತುದಿಯ ಆಚೆ ತಮಿಳುನಾಡಿನ ತೆಂಕಾಶಿಯ ಜನ ಅದೇ ಮುಂಗಾರಿನ ತುಂತುರಿಗೆ ಕಾದಿರುತ್ತಾರೆ. ಬೆಟ್ಟದ ಮೇಲೆ ಸುರಿದ ಮಳೆ ಕುಟ್ರಾಲಂನಲ್ಲಿ ಜಲಪಾತವಾಗಿ ಧುಮುಕುತ್ತದೆ. ಮೈತುಂಬ ಎಣ್ಣೆ ತಿಕ್ಕಿಸಿಕೊಂಡು ಆ ನೀರಿಗೆ ತಲೆಯೊಡ್ಡಿ ನಿಲ್ಲುವುದೇ ಅಲ್ಲಿನ ಸುಖ. ಇಂದಿನ ದಕ್ಷಿಣ ಕೇರಳವನ್ನು ಆಳುತ್ತಿದ್ದ ತಿರುವಾಂಕೂರಿನ ಅರಸರೂ ಈ ಸುಖಕ್ಕೆ ಮನಸೋತು ಅಲ್ಲೊಂದು ಅರಮನೆ ಇಟ್ಟುಕೊಂಡಿದ್ದರು.

ಅರಮನೆ ಈಗಲೂ ಇದೆ. ನಿಂತ ನೆಲ ತಮಿಳುನಾಡಿನದು, ಒಡೆತನ ಕೇರಳ ಸರ್ಕಾರದ್ದು. ಜಲಪಾತದ ಕೆಳಗೆ ಜನಜಾತ್ರೆ, ಐವತ್ತು ಎಕರೆಗೂ ಮಿಕ್ಕಿದ ಅರಮನೆಯ ಆವರಣದಲ್ಲಿ ಪಾಚಿ.

ಈ ಗೊಂದಲದ ಬೇರು ನಮಗೆ ಚೆನ್ನಾಗಿ ಗೊತ್ತಿರುವ ದಿನದಲ್ಲಿದೆ: 1956ರ ನವೆಂಬರ್ 1. ಅಂದು ದಕ್ಷಿಣ ಕನ್ನಡದ ಕಾಸರಗೋಡು ಕೇರಳದ ಪಾಲಾಯಿತು. ಗಡಿ ತಕರಾರು ಬಿಡಿಸಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದರೂ ಆ ಮಾತು ಕಡತದಿಂದ ಆಚೆ ಬರಲಿಲ್ಲ. ನಾವು ಅತ್ತದ್ದು ಇಷ್ಟಕ್ಕೇ. ಅದೇ ದಿನ ಅತ್ತ ದಕ್ಷಿಣದಲ್ಲಿ ಕೇರಳವೂ ಕಳೆದುಕೊಂಡಿತ್ತು. ಕನ್ಯಾಕುಮಾರಿಯ ನಾಲ್ಕು ತಾಲ್ಲೂಕುಗಳು, ಕುಟ್ರಾಲಂನ ಮಗ್ಗುಲಲ್ಲೇ ಇರುವ ಶೆಂಗೋಟ್ಟೈ ತಾಲ್ಲೂಕಿನ ಒಂದು ಭಾಗ ಮದ್ರಾಸ್ ರಾಜ್ಯಕ್ಕೆ ಹೋದವು. ನೆಲ ಕೈಬಿಟ್ಟರೂ ರಾಜಮನೆತನದ ಕಾಲದ ಕೆಲವು ಕಟ್ಟಡಗಳನ್ನು ಕೇರಳ ಬಿಡಲಿಲ್ಲ.

ಹೊರರಾಜ್ಯದ ಆಸ್ತಿಗೆ ದಿಕ್ಕಿಲ್ಲ ಎಂದು ಇಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಆದರೆ ಪದ್ಮನಾಭಪುರ ಅರಮನೆ ಅದಕ್ಕೆ ಅಡ್ಡ ಬರುತ್ತದೆ. ಅದೂ ತಮಿಳುನಾಡಿನಲ್ಲೇ, ಕನ್ಯಾಕುಮಾರಿ ಜಿಲ್ಲೆಯಲ್ಲಿದೆ, ಅದೂ ಕೇರಳದ ಸ್ವತ್ತು. ಅಲ್ಲಿನ ಕಪ್ಪು ನೆಲದಲ್ಲಿ ಇವತ್ತಿಗೂ ಮುಖ ಕಾಣುತ್ತದೆ. ಸುಟ್ಟ ತೆಂಗಿನ ಗೆರಟೆ, ಸುಣ್ಣ, ಮೊಟ್ಟೆಯ ಬಿಳಿ ಬೆರೆಸಿ ಉಜ್ಜಿದ ನೆಲವಂತೆ. ಚಪ್ಪಲಿ ಹೊರಗೆ ಬಿಟ್ಟು ನಡೆದರೆ ಅಂಗಾಲಿಗೆ ತಣ್ಣಗೆ ತಾಗುತ್ತದೆ. ನಮ್ಮ ಹಳೆಯ ಮನೆಗಳ ಕಾವಿ ನೆಲ ನೆನಪಾಗುತ್ತದೆ.

ಒಂದೇ ಒಡೆಯ, ಎರಡು ಗತಿ. ವ್ಯತ್ಯಾಸವಿರುವುದು ಇಲಾಖೆಯಲ್ಲಿ. ಪದ್ಮನಾಭಪುರ ಪುರಾತತ್ತ್ವ ಇಲಾಖೆಯ ಕೈಯಲ್ಲಿದೆ, ಟಿಕೆಟ್ ಕೊಂಡು ಜನ ಬರುತ್ತಾರೆ. ಕುಟ್ರಾಲಂ ಅರಮನೆ ಲೋಕೋಪಯೋಗಿ ಇಲಾಖೆಗೆ ಸೇರಿತು. ಪುರಾತತ್ತ್ವದವರಿಗೆ ಅರಮನೆ ಅರಮನೆಯೇ. ಲೋಕೋಪಯೋಗಿಯವರ ಲೆಕ್ಕದಲ್ಲಿ ಅದು ರಸ್ತೆ, ಸೇತುವೆಗಳ ಸಾಲಿನ ಕೊನೆಯಲ್ಲಿ ನಿಲ್ಲಬೇಕಾದ ಇನ್ನೊಂದು ಕಟ್ಟಡ. ಅದೂ ಗಡಿಯಾಚೆಗಿನದು. ಒಡೆತನದ ತಕರಾರು ಬೇರೆ. ದುರಸ್ತಿಯ ಮಾತು ಆಗೊಮ್ಮೆ ಈಗೊಮ್ಮೆ ಕೇಳಿಬರುತ್ತದೆ.

ಅರಮನೆಗಳ ವಿಷಯದಲ್ಲಿ ನಾವೂ ಬೀಗುವಂತಿಲ್ಲ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯಾಗಿದ್ದಾರೆ, ಐವರು ಸೇರಿ ಕುದುರೆಯಾಗಿದ್ದಾರೆ. ಸಾವಿರ ಕಂಬದ ಬಸದಿ ನೋಡಲು ಬಂದವರಲ್ಲಿ ಎಷ್ಟು ಮಂದಿ ಅಲ್ಲಿಯವರೆಗೆ ನಡೆಯುತ್ತಾರೆ?

ಕುಟ್ರಾಲಂಗೆ ಹೋಗುವುದಾದರೆ ಮಂಗಳೂರಿನಿಂದ ಕೊಲ್ಲಂಗೆ ರೈಲು ಹಿಡಿಯಬೇಕು, ಅಲ್ಲಿಂದ ಶೆಂಗೋಟ್ಟೈ ದಾರಿ. 1904ರಲ್ಲಿ ತೆರೆದ ಮಾರ್ಗ, 2018ರಿಂದ ಬ್ರಾಡ್‌ಗೇಜ್. ಹದಿಮೂರು ಕಮಾನಿನ ಹಳೆಯ ಸೇತುವೆ ದಾಟಿ, ಆರ್ಯಂಕಾವಿನ ಆಚೆಗಿನ ಸುರಂಗ ಹೊಕ್ಕು ಹೊರಬಂದರೆ ರಾಜ್ಯ ಬದಲಾಗಿರುತ್ತದೆ. ಕೇರಳದ ಅರಮನೆ ಇನ್ನೂ ಮುಂದಿದೆ.